ಝಾರರ ಸಿಂಹಾಸನವೂ ನಮ್ಮ ಸೀಮೆಯ ಅರಸೊತ್ತಿಗೆಯೂ

ಚೌಳಹಿರಿಯೂರಿನ ಉಪಾಧ್ಯಾಯರೊಬ್ಬರು ನಮಗೆ ಕಾಗದ ಬರೆದು, ರಷ್ಯದ ಝಾರರ ನಿರಂಕುಶ ಪ್ರಭುತ್ವವು ರಕ್ತದಲ್ಲಿ ಮುಳುಗಿ ಅಳಿದಿರಲು, ಮೈಸೂರಿನ ಅರಸೊತ್ತಿಗೆಯು ಮಾತ್ರ ಸದ್ದಿಲ್ಲದೆ ಸರಿದುಹೋದುದು ಏತಕ್ಕೆಂದು ಕೇಳಿದ್ದಾರೆ. ಪ್ರಶ್ನೆಯು ವಿಚಾರಾರ್ಹವಾದುದೇ ಸರಿ. ಆದರೆ ಸದ್ದಿಲ್ಲದೆ ಹೋಯಿತೆಂಬ ಮಾತನ್ನು ಕಡೂರು, ತರೀಕೆರೆ ಸೀಮೆಯವರು ಆಡತಕ್ಕುದಲ್ಲ.

ರಷ್ಯದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡೋಣ. ನಾಲ್ಕನೆಯ ಇವಾನನು 1547ರಲ್ಲಿ ಝಾರನೆಂದು ಪಟ್ಟ ಕಟ್ಟಿಸಿಕೊಂಡನು. 1613ರಲ್ಲಿ ದೇಶದ ಪ್ರಮುಖರ ಮಹಾಸಭೆಯೇ ರೋಮನೋವ್ ವಂಶದ ಮಿಖಾಯಿಲನನ್ನು ಆರಿಸಿ ಸಿಂಹಾಸನದಲ್ಲಿ ಕೂರಿಸಿತು. ಸಭೆಯಿಂದ ಹುಟ್ಟಿದ ವಂಶವು ಸಭೆಯನ್ನೇ ಮರೆತುದು ವಿಚಿತ್ರವಲ್ಲವೇ! 1649ರ ಶಾಸನವು ರೈತನನ್ನು ಭೂಮಿಗೆ ಕಟ್ಟಿಹಾಕಿತು. ಆ ಕಟ್ಟು ಬಿಚ್ಚಿದುದು 1861ರಲ್ಲಿ. ಅಷ್ಟು ಹೊತ್ತಿಗೆ ಪ್ರಜೆಗೂ ಪ್ರಭುವಿಗೂ ನಡುವೆ ಮಾತಿನ ದಾರಿಯೆಂಬುದೇ ಉಳಿದಿರಲಿಲ್ಲ.

ನಮ್ಮಲ್ಲಿ ನಡೆದುದು ಬೇರೆ ಬಗೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಐದು ವರುಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದ ಕಂಪನಿಯವರು, ವರುಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಗೊತ್ತುಮಾಡಿದರು. 1811ರಲ್ಲಿ ದಿವಾನ್ ಪೂರ್ಣಯ್ಯನವರು ನಿವೃತ್ತರಾಗಲು, ಅಧಿಕಾರವೆಲ್ಲವೂ ಅರಮನೆಗೆ ಸೇರಿತು. ಮೇಲೆ ಕಂಪನಿ, ಕೆಳಗೆ ರೈತ, ನಡುವೆ ಅರಸು: ಮೇಲಿನವರಿಗೆ ಹಣ ಸಂದಾಯವಾಗುವ ತನಕ ಕೆಳಗಿನವರ ಗೋಳನ್ನು ಕೇಳುವವರಿರಲಿಲ್ಲ. ಇಂಥ ಪ್ರಭುತ್ವವನ್ನು ನಿರಂಕುಶವೆನ್ನಬೇಕೋ ಪರಾಧೀನವೆನ್ನಬೇಕೋ ವಾಚಕರೇ ನಿರ್ಣಯಿಸಲಿ. ರೈತನ ಪಾಲಿಗೆ ಅದು ಎರಡೂ ಆಗಿತ್ತು.

ಆ ಕಾಲದ ಶರತ್ತು ಪದ್ಧತಿಯನ್ನು ನೋಡಿರಿ. ಫೌಜದಾರನು ತನ್ನ ಸೀಮೆಯಿಂದ ಇಷ್ಟು ಕಂದಾಯವನ್ನು ಎತ್ತಿಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡುವನು. ಕಡಮೆಯಾದರೆ ಸ್ವಂತ ಕೈಯಿಂದ ತುಂಬಬೇಕು. ಯಾವ ಫೌಜದಾರನು ಸ್ವಂತ ಕೈಯಿಂದ ತುಂಬಿಯಾನು? ಮಳೆ ಹೋದ ವರುಷವೂ, ಬೆಲೆ ಬಿದ್ದ ವರುಷವೂ ಆ ಭಾರವು ಇಳಿದುದು ರೈತನ ಬೆನ್ನಿನ ಮೇಲೆಯೇ. 1830ರಲ್ಲಿ ನಗರ ಸೀಮೆಯ ರೈತರು ಕೂಟಗಳಾಗಿ ನೆರೆದು ಕಂದಾಯವನ್ನು ಕೊಡಲೊಲ್ಲೆವೆಂದರು. ನಗರದ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ಮುಂದಾಳಾದನು. ಮೈಸೂರಿನಿಂದ ತಪ್ಪಿಸಿಕೊಂಡು ಬಂದ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಬಂಡಾಯವನ್ನು ಸೇರಿಕೊಂಡನು. ಪಾಳೆಯಗಾರನಿಗೆ ತನ್ನ ಕಳೆದುಹೋದ ಪಾಳೆಯಪಟ್ಟಿನ ಆಸೆ, ರೈತನಿಗೆ ಕಂದಾಯದ ಕಷ್ಟ. ಇಬ್ಬರ ಉದ್ದೇಶವೂ ಒಂದೇ ಆಗಿತ್ತೆಂದು ನಾವು ಹೇಳಲಾರೆವು. ಆದರೂ ಅಣ್ಣಂದಿರೆಲ್ಲ ಒಂದೆಡೆ ಕುಳಿತು ‘ಇನ್ನು ಕೊಡೆವು’ ಎಂದ ಆ ಕೂಟವೇ ನಮ್ಮ ಸೀಮೆಯಲ್ಲಿ ಪ್ರಜೆಯು ಪ್ರಭುತ್ವಕ್ಕೆ ಎದುರಾಗಿ ಎತ್ತಿದ ದೊಡ್ಡ ದನಿಯು. ಕಂಪನಿಯ ದಂಡು ಬಂದು ಬಂಡಾಯವನ್ನು ಅಡಗಿಸಿತು. 1831ರಲ್ಲಿ ಬೆಂಟಿಂಕ್ ಸಾಹೇಬನು ರಾಜ್ಯಭಾರವನ್ನೇ ಅರಸರ ಕೈಯಿಂದ ತೆಗೆದುಕೊಂಡನು. ರೈತನು ಅರಸನ ವಿರುದ್ಧ ಎದ್ದನು. ದೇಶವು ಪರಕೀಯರ ಪಾಲಾಗಿ ಐವತ್ತು ವರುಷ ನಡೆಯಿತು.

ಇನ್ನು 1881ನೆಯ ಇಸವಿಯನ್ನು ನೋಡೋಣ. ಆ ವರುಷದ ಮಾರ್ಚ್ 13ರ ಬೆಳಗ್ಗೆ ಝಾರ್ ಎರಡನೆಯ ಅಲೆಕ್ಸಾಂಡರನು, ಚುನಾಯಿತರಾದ ಕೆಲವರನ್ನು ಶಾಸನವಿಚಾರಕ್ಕೆ ಕರೆಯಿಸುವ ಯೋಜನೆಗೆ ಒಪ್ಪಿಗೆ ಕೊಟ್ಟನು. ಅದೇ ದಿನ ಬಾಂಬಿಗೆ ಬಲಿಯಾದನು. ಮಗನು ಯೋಜನೆಯನ್ನು ಮೂಲೆಗೆಸೆದು, ನಿರಂಕುಶತ್ವವನ್ನು ಕಾಪಾಡುವುದೇ ತನ್ನ ಕರ್ತವ್ಯವೆಂದು ಸಾರಿದನು. ಸರಿಯಾಗಿ ಹನ್ನೆರಡು ದಿನಗಳ ಮೇಲೆ, ಮಾರ್ಚ್ 25ರಂದು, ಮೈಸೂರು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ಅಕ್ಟೋಬರಿನ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಸಿದರು. ಅಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆಯಿತು.

ತೆರೆದುದು ಅರ್ಧವೇ ಎಂಬುದನ್ನು ಮರೆಮಾಚುವುದು ಅನ್ಯಾಯವಾದೀತು. ಆ ಸಭೆಯು ಬಿನ್ನಹ ಮಾಡಬಹುದಾಗಿತ್ತೇ ಹೊರತು ಆಜ್ಞೆ ಮಾಡುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಬಂದಿತು; 1923ರಲ್ಲಿ ಸುಧಾರಣೆಗಳಾದುವು; ಕೊನೆಯ ಮಾತು ಮಾತ್ರ ಅರಮನೆಯದಾಗಿಯೇ ಉಳಿಯಿತು. ಆದರೂ ಅರ್ಜಿ ಹಿಡಿದು ಬಂದವನಿಗೆ ಕುರ್ಚಿ ಕೊಡುವುದಕ್ಕೂ ಗುಂಡು ಕೊಡುವುದಕ್ಕೂ ವ್ಯತ್ಯಾಸವುಂಟು. 1905ರ ಜನವರಿ 22ರಂದು ಅರ್ಜಿ ಹಿಡಿದು ಝಾರನ ಅರಮನೆಯ ಕಡೆಗೆ ನಡೆದ ಕಾರ್ಮಿಕರಿಗೆ ದೊರೆತುದು ಗುಂಡು. ಮರುವರುಷ ಡೂಮಾ ಸಭೆಯನ್ನು ಕರೆದರೂ, 1907ರಲ್ಲಿ ಚುನಾವಣೆಯ ಕಾಯಿದೆಯನ್ನೇ ತಿರುಚಿ ಅದನ್ನು ಪಳಗಿಸಿಕೊಂಡರು. 1917ರ ಮಾರ್ಚ್‌ನಲ್ಲಿ ನಿಕೊಲಾಸನು ಪಟ್ಟವನ್ನು ತೊರೆದಾಗ ಅವನ ಪರವಾಗಿ ನಿಲ್ಲುವವರು ದಂಡಿನಲ್ಲಿಯೂ ಇರಲಿಲ್ಲ; ಮರುವರುಷದ ಜುಲೈಯಲ್ಲಿ ಸಂಸಾರಸಮೇತನಾಗಿ ಹತನಾದನು. ಮಕ್ಕಳನ್ನೂ ಕೊಂದ ಆ ಕೃತ್ಯವನ್ನು ಯಾವ ತತ್ತ್ವವೂ ಸಮರ್ಥಿಸಲಾರದು.

ನಮ್ಮಲ್ಲಿಯೂ ಗುಂಡು ಹಾರಲಿಲ್ಲವೆಂದಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ತಮ್ಮ ಊರನ್ನೇ ಸ್ವತಂತ್ರವೆಂದು ಸಾರಿದರು. ಅಲ್ಲಿ ಅಮಲ್ದಾರರೂ ಪೋಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಗಲ್ಲಿಗೇರಿಸಿದುದು ಸಂಸ್ಥಾನದ ಸರಕಾರವೇ. 1947ರ ಆಗಸ್ಟಿನಲ್ಲಿ ಭಾರತವು ಸ್ವತಂತ್ರವಾದ ಮೇಲೆಯೂ ಜವಾಬ್ದಾರಿ ಸರಕಾರವು ದೊರೆಯಲಿಲ್ಲವಾಗಿ, ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಜನರು ಸೆರೆಮನೆಗಳನ್ನು ತುಂಬಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು.

ಜಯಚಾಮರಾಜ ಒಡೆಯರು ಈ ಮಾರ್ಪಾಟನ್ನು ತಡೆಹಿಡಿದು ನಿಲ್ಲಲಿಲ್ಲವೆಂಬುದನ್ನು ಮೆಚ್ಚಿ ಹೇಳಲೇಬೇಕು. ಅರಸರಾಗಿದ್ದವರು ರಾಜಪ್ರಮುಖರಾದರು, 1956ರ ನವಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದುಗೂಡಿದಾಗ ರಾಜಪ್ರಮುಖ ಪದವಿಯೂ ಅಳಿದು, ಅವರು ವಿಶಾಲ ಮೈಸೂರಿನ ರಾಜ್ಯಪಾಲರಾದರು. ಅರಸೊತ್ತಿಗೆಯ ಗಡಿಯು ಇರುವವರೆಗೆ ಧಾರವಾಡದವನೂ ಕಡೂರಿನವನೂ ಒಂದೇ ರಾಜ್ಯದವರಾಗುವುದು ಸಾಧ್ಯವಿರಲಿಲ್ಲ.

ಕಾಗದ ಬರೆದ ಉಪಾಧ್ಯಾಯರಿಗೆ ನಮ್ಮದೊಂದು ಬಿನ್ನಹ: ಮಕ್ಕಳಿಗೆ ಪೆಟ್ರೋಗ್ರಾಡಿನ ಸಂಗತಿಯನ್ನು ಹೇಳಿಕೊಡುವ ದಿನ, 1830ರ ಕೂಟಗಳ ಸಂಗತಿಯನ್ನೂ ಹೇಳಿಕೊಡಿರಿ, ತರೀಕೆರೆಯು ನಿಮ್ಮ ಊರಿಗೆ ದೂರವೇನಲ್ಲ.