ಗೋಡೆಯೊಳಗೆ ಹೋದ ಹಣ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಎದ್ದ ಮನೆಗಳಿಗೆ ಮೊಸಾಯಿಕ್ ನೆಲ ಹಾಕಿಸುವುದು ವಾಡಿಕೆಯಾಗಿತ್ತು. ಸಿಮೆಂಟಿನಲ್ಲಿ ಅಮೃತಶಿಲೆಯ ಚೂರುಗಳನ್ನು ಬೆರೆಸಿ, ಗಟ್ಟಿಯಾದ ಮೇಲೆ ಉಜ್ಜಿ ಹೊಳಪು ಬರಿಸಿದ ನೆಲ ಅದು. ಅದಕ್ಕೂ ಹಿಂದಿನ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲವಿತ್ತು. 2000ದ ನಂತರ ಮನೆ ನವೀಕರಣವೆಂದರೆ ಈ ಎರಡನ್ನೂ ಅಗೆದು ಬಿಸಾಡಿ, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಎಂದಾಯಿತು. ಇಂದು ಅದೇ ಮೊಸಾಯಿಕ್ ‘ಟೆರಾಝೊ’ ಎನ್ನಿಸಿಕೊಂಡು ಹೊಸ ಕೆಫೆಗಳಿಗೂ ದುಬಾರಿ ಅಪಾರ್ಟ್‌ಮೆಂಟುಗಳಿಗೂ ಮರಳಿ ಬಂದಿದೆ. ರೆಡ್ ಆಕ್ಸೈಡ್ ಹದ ಗೊತ್ತಿರುವ ಗಾರೆ ಕೆಲಸದವರನ್ನು ವಾಸ್ತುಶಿಲ್ಪಿಗಳು ಹುಡುಕಿಕೊಂಡು ಹೋಗುತ್ತಿದ್ದಾರೆ. ಗಟ್ಟಿಮುಟ್ಟಾಗಿದ್ದ ನೆಲವನ್ನು ಫ್ಯಾಷನ್ ಹೋಯಿತೆಂದು ಅಗೆಸಿದವರು ಅಗೆಯುವುದಕ್ಕೊಮ್ಮೆ, ಹೊಸದು ಹಾಕುವುದಕ್ಕೊಮ್ಮೆ ದುಡ್ಡು ಕೊಟ್ಟರು. ಇಂದು ಕೊಳ್ಳುವವರು ಇಷ್ಟಪಡುವ ವಸ್ತುವನ್ನೇ ಕಳೆದುಕೊಂಡರು. ಮುಂದೆ ಮಾರುವಾಗ ಬೆಲೆ ಬರಬೇಕಾದರೆ ಮನೆಯನ್ನು ಯಾವ ಶೈಲಿಯಲ್ಲಿ ಮಾಡಿಸಬೇಕು ಎಂದು ಕೇಳುವವರು ಮೊದಲು ಗಮನಿಸಬೇಕಾದದ್ದು ಇದನ್ನು. ಒಂದು ಕಾಲದ ಶೈಲಿ ಇನ್ನೊಂದು ಕಾಲಕ್ಕೆ ಬೆಲೆ ಉಳಿಸಿಕೊಳ್ಳುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ಆದರೆ ಕೆಲವು ಕೆಲಸಗಳು ಶೈಲಿ ಬದಲಾದರೂ ಬೆಲೆ ಉಳಿಸಿಕೊಳ್ಳುತ್ತವೆ, ಕೆಲವು ಮಾಡಿಸಿದ ಮರುದಿನದಿಂದಲೇ ಕಳೆದುಕೊಳ್ಳುತ್ತವೆ. ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ.

ಮನೆಗೆ ಬೆಲೆ ಕಟ್ಟುವ ಕ್ರಮವನ್ನೇ ನೋಡೋಣ. ಕೊಳ್ಳುವವರಲ್ಲಿ ಹೆಚ್ಚಿನವರು ಬ್ಯಾಂಕ್ ಸಾಲ ಪಡೆಯುತ್ತಾರೆ, ಬ್ಯಾಂಕು ತನ್ನ ಮೌಲ್ಯಮಾಪಕರನ್ನು ಕಳಿಸುತ್ತದೆ. ಸ್ವತಂತ್ರ ಮನೆಯಾದರೆ ಅವರು ಸೈಟಿನ ಬೆಲೆಯನ್ನು ಬೇರೆ, ಕಟ್ಟಡದ ಬೆಲೆಯನ್ನು ಬೇರೆ ಲೆಕ್ಕ ಹಾಕುತ್ತಾರೆ. ಕಟ್ಟಡದ ವಯಸ್ಸು ನೋಡಿ ವರ್ಷ ವರ್ಷದ ಸವಕಳಿ ಕಳೆಯುತ್ತಾರೆ. ಅಪಾರ್ಟ್‌ಮೆಂಟಿಗೆ ಬಡಾವಣೆ, ವಿಸ್ತೀರ್ಣ, ಎಷ್ಟನೇ ಮಹಡಿ, ಕಟ್ಟಡದ ಸ್ಥಿತಿ, ಕಾರು ನಿಲ್ಲಿಸುವ ಜಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಾಲ್‌ನಲ್ಲಿ ಮಾಡಿಸಿದ ಟಿವಿ ಯೂನಿಟ್, ವಾಲ್‌ಪೇಪರ್, ಬಣ್ಣದ ದೀಪಗಳ ಫಾಲ್ಸ್ ಸೀಲಿಂಗ್ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರುವುದೇ ಇಲ್ಲ. ಹತ್ತು ಲಕ್ಷ ಸುರಿದು ಒಳಾಂಗಣ ಮಾಡಿಸಿದವರು ಮಾರುವಾಗ ಆ ಹತ್ತು ಲಕ್ಷವನ್ನು ಬೆಲೆಗೆ ಸೇರಿಸಿ ಹೇಳುತ್ತಾರೆ; ಕೊಳ್ಳುವವರಿಗೆ ಅದಕ್ಕೆ ಸಾಲ ಸಿಗುವುದಿಲ್ಲ, ಹಾಗಾಗಿ ಚೌಕಾಸಿಯಲ್ಲಿ ಮೊದಲು ಕರಗುವುದೂ ಅದೇ. ಅಮೆರಿಕದಲ್ಲಿ ನವೀಕರಣದ ಖರ್ಚಿನಲ್ಲಿ ಎಷ್ಟು ಪಾಲು ಮರುಮಾರಾಟದಲ್ಲಿ ವಾಪಸ್ ಬರುತ್ತದೆಂದು ಅಂದಾಜಿಸುವ ‘ಕಾಸ್ಟ್ ವರ್ಸಸ್ ವ್ಯಾಲ್ಯೂ’ ಎಂಬ ವಾರ್ಷಿಕ ವರದಿಯಿದೆ. 2024ರ ವರದಿಯಂತೆ ಅಡುಗೆಮನೆಗೆ ಮಿತವಾಗಿ ಮಾಡಿಸಿದ ಸುಧಾರಣೆಯಲ್ಲಿ ಖರ್ಚಿನ ಸುಮಾರು ಶೇ 96ರಷ್ಟು ಮರಳಿ ಬಂದರೆ, ಅದೇ ಅಡುಗೆಮನೆಯನ್ನು ಐಷಾರಾಮಿಯಾಗಿ ಪೂರ್ತಿ ಬದಲಿಸಿದಾಗ ಬಂದದ್ದು ಶೇ 38ರಷ್ಟು ಮಾತ್ರ. ಅಲ್ಲಿನ ಮನೆ, ಅಲ್ಲಿನ ಮಾರುಕಟ್ಟೆ ಬೇರೆ. ಅಂಕಿಗಳನ್ನು ಎತ್ತಿ ತಂದು ನಮಗೆ ಅಂಟಿಸಲಾಗದು. ಆದರೂ ಖರ್ಚು ಹೆಚ್ಚಾದಷ್ಟೂ ಬೆಲೆ ಹೆಚ್ಚುತ್ತದೆಂಬ ನಮ್ಮವರ ನಂಬಿಕೆಗೆ ಆಧಾರವಿಲ್ಲ ಎಂಬುದನ್ನು ಅವು ಚೆನ್ನಾಗಿಯೇ ತೋರಿಸುತ್ತವೆ.

ಹಾಗಾದರೆ ಉಳಿಯುವುದು ಯಾವುದು? ಗೋಡೆಯೊಳಗೆ, ನೆಲದಡಿ, ತಾರಸಿಯ ಮೇಲೆ ಹೋದ ಹಣ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂದ ಮೇಲೆ, ಮನೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ನೀರಿನದೂ ಒಂದಾಗಿದೆ. ಕಾವೇರಿ ಸಂಪರ್ಕ ಇದೆಯೇ, ಸಂಪು ಎಷ್ಟು ದೊಡ್ಡದು, ಮಳೆನೀರು ಎಲ್ಲಿಗೆ ಹೋಗುತ್ತದೆ? ಈ ನಗರದಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ಅಷ್ಟು ಮಳೆ ಎಂದರೆ ಸುಮಾರು 90 ಸಾವಿರ ಲೀಟರ್ ನೀರು. 60×40 ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿರುವ ಹಳೆಯ ಕಟ್ಟಡಗಳಿಗೂ 30×40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಕಟ್ಟುವ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವೆಂದು ಕಾನೂನು 2009ರಿಂದಲೇ ಹೇಳುತ್ತಿದೆ, ಮಾಡಿಸದವರಿಗೆ ಜಲಮಂಡಳಿ ದಂಡ ಹಾಕುತ್ತದೆ. ಹೀಗಿದ್ದೂ ನವೀಕರಣದ ಬಜೆಟ್ಟಿನಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ. ಪೈಪುಗಳ ಕತೆಯೂ ಇದೇ. ಮೂವತ್ತು ವರ್ಷ ಹಳೆಯ ಜಿಐ ಪೈಪು ಒಳಗೊಳಗೇ ತುಕ್ಕು ಹಿಡಿದು ನೀರಿನ ಹರಿವು ಕುಗ್ಗಿರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೆ ದುಬಾರಿ ಟೈಲ್ಸ್ ಅಂಟಿಸಿದರೆ, ಸೋರಿಕೆಯಾದ ದಿನ ಆ ಟೈಲ್ಸನ್ನೇ ಒಡೆಯಬೇಕು. ಬಚ್ಚಲಿನ ನೆಲಕ್ಕೆ, ತಾರಸಿಗೆ ಸರಿಯಾದ ವಾಟರ್‌ಪ್ರೂಫಿಂಗ್ ಇಲ್ಲದಿದ್ದರೆ ಎಷ್ಟು ಸಲ ಬಣ್ಣ ಬಳಿದರೂ ಗೋಡೆ ಉಬ್ಬುತ್ತದೆ, ಮನೆ ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಆ ಉಬ್ಬಿದ ಜಾಗಕ್ಕೇ. ಹಿಂದಿನ ಮನೆಗಳ ವೈರಿಂಗ್ ಹಾಕಿದ್ದು ಕೆಲವು ಬಲ್ಬು, ಫ್ಯಾನುಗಳಿಗೆ. ಈಗ ಎರಡು ಗೀಸರ್, ಎಸಿ, ಇಂಡಕ್ಷನ್ ಒಲೆ, ಕೆಲವರಲ್ಲಿ ವಿದ್ಯುತ್ ವಾಹನದ ಚಾರ್ಜರ್ ಕೂಡ ಅದೇ ತಂತಿಗೆ ಜೋತುಬಿದ್ದಿವೆ. ತಂತಿ ಬದಲಿಸಿ, ಅರ್ಥಿಂಗ್ ಸರಿಮಾಡಿ, ವಿದ್ಯುತ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಕೂಡಿಸುವ ಖರ್ಚು ಒಂದು ಫಾಲ್ಸ್ ಸೀಲಿಂಗಿನ ಖರ್ಚಿಗಿಂತ ತೀರಾ ಹೆಚ್ಚೇನಲ್ಲ. ಅದರಿಂದ ಮನೆಯವರ ಪ್ರಾಣವೂ ಉಳಿಯುತ್ತದೆ.

ಕಣ್ಣಿಗೆ ಕಾಣುವ ಭಾಗದ ಆಯ್ಕೆಗೂ ಒಂದು ಅಳತೆಗೋಲಿದೆ: ಹಾಳಾದರೆ ಅಷ್ಟನ್ನೇ ಸರಿಮಾಡಲು ಬರುತ್ತದೆಯೇ? ಸಾದರಹಳ್ಳಿ ಗ್ರಾನೈಟ್, ಶಹಾಬಾದ್ ಕಲ್ಲು, ಕೋಟಾ ಕಲ್ಲು ಮಾಸಿದರೆ ಮತ್ತೆ ಉಜ್ಜಿಸಬಹುದು, ಒಂದು ಚಪ್ಪಡಿ ಒಡೆದರೆ ಅಂಥದೇ ಇನ್ನೊಂದನ್ನು ಹೊಂದಿಸಬಹುದು. ಮೇಲ್ಮೈಯಲ್ಲಷ್ಟೇ ವಿನ್ಯಾಸ ಮುದ್ರಿಸಿದ ಟೈಲ್ಸ್ ಹಾಗಲ್ಲ. ಐದಾರು ವರ್ಷದ ನಂತರ ಒಂದು ಒಡೆದರೆ ಅದೇ ವಿನ್ಯಾಸ, ಅದೇ ಛಾಯೆ ಅಂಗಡಿಯಲ್ಲಿ ಸಿಗುವುದಿಲ್ಲ, ತೇಪೆ ಹಾಕಿದ ನೆಲ ಇಡೀ ಕೋಣೆಯ ಕಳೆ ಕೆಡಿಸುತ್ತದೆ. ಅಡುಗೆಮನೆಯಲ್ಲಿ ಹೊರಗಿನ ಲ್ಯಾಮಿನೇಟ್ ಯಾವ ಬಣ್ಣದ್ದು ಎನ್ನುವುದಕ್ಕಿಂತ ಒಳಗಿನ ಹಲಗೆ ಯಾವುದು ಎನ್ನುವುದು ದೊಡ್ಡ ವಿಷಯ. ಐಎಸ್ 710 ಗುರುತಿರುವ ಪ್ಲೈವುಡ್ ನೀರಿಗೆ ತಡೆಯುತ್ತದೆ. ಸಿಂಕಿನ ಕೆಳಗಿನ ಪಾರ್ಟಿಕಲ್ ಬೋರ್ಡ್ ಒಮ್ಮೆ ನೆನೆದರೆ ಉಬ್ಬಿ ಪುಡಿಯಾಗುತ್ತದೆ. ಫಾಲ್ಸ್ ಸೀಲಿಂಗ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ನಮ್ಮ ಹೆಚ್ಚಿನ ಅಪಾರ್ಟ್‌ಮೆಂಟುಗಳು ಆ ಅಳತೆಯ ಆಸುಪಾಸಿನಲ್ಲೇ ಇವೆ. ಅದರಲ್ಲಿ ಅರ್ಧ ಅಡಿ ಪಿಒಪಿಗೆ ಕೊಟ್ಟರೆ ಕೋಣೆ ಕುಗ್ಗಿದಂತೆ ಕಾಣುತ್ತದೆ, ಮೇಲಿನ ಮನೆಯ ಬಚ್ಚಲಿನ ಸೋರಿಕೆ ದೊಡ್ಡದಾಗುವವರೆಗೆ ಗೊತ್ತೇ ಆಗುವುದಿಲ್ಲ. ಬೆಳಕು ಬರುವ ಕಿಟಕಿಗೆ ಬೀರು ಅಡ್ಡ ಕಟ್ಟಿಸುವುದೂ, ಎರಡು ಮಲಗುವ ಕೋಣೆಗಳನ್ನು ಸೇರಿಸಿ ಒಂದು ಮಾಡುವುದೂ ಇಂಥವೇ ನಷ್ಟದ ಕೆಲಸಗಳು. ಮೂರು ಕೋಣೆಯ ಮನೆ ಎರಡು ಕೋಣೆಯದಾದರೆ ಕೊಳ್ಳುವವರ ಗುಂಪೇ ಬದಲಾಗುತ್ತದೆ. ಇತ್ತೀಚಿನ ಎತ್ತರದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುವ ಮೈವಾನ್ ವಿಧಾನ ಬಂದಿದೆ. ಅಲ್ಲಿ ಗೋಡೆಯೇ ಭಾರ ಹೊರುವುದರಿಂದ ಒಡೆಯುವ ಮಾತನ್ನೇ ಆಡಬಾರದು.

ಕಾನೂನು ಮೀರಿದ ನವೀಕರಣದಿಂದ ಬೆಲೆ ಇಳಿಯುವಷ್ಟು ಬೇರಾವುದರಿಂದಲೂ ಇಳಿಯುವುದಿಲ್ಲ. ಬಾಲ್ಕನಿ ಮುಚ್ಚಿ ಕೋಣೆ ಮಾಡುವುದು, ಮನೆಯ ಸುತ್ತ ಬಿಡಬೇಕಾದ ಜಾಗಕ್ಕೆ ಶೀಟು ಹೊದಿಸಿ ಅಡುಗೆಮನೆ ಚಾಚುವುದು, ನಕ್ಷೆಯಲ್ಲಿಲ್ಲದ ಮಹಡಿ ಏರಿಸಿ ಬಾಡಿಗೆಗೆ ಕೊಡುವುದು ನಮ್ಮಲ್ಲಿ ತಪ್ಪೆಂದೇ ಅನ್ನಿಸದಷ್ಟು ರೂಢಿಯಾಗಿವೆ. ಮುಂದೊಂದು ದಿನ ದಂಡ ಕಟ್ಟಿ ಸಕ್ರಮ ಮಾಡಿಸಿಕೊಂಡರಾಯಿತು ಎಂಬ ಭರವಸೆ ಇದರ ಹಿಂದಿದೆ. ಆ ಭರವಸೆಗೆ ಆಧಾರವಾಗಿದ್ದ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿತು. 2024ರ ಡಿಸೆಂಬರಿನ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದೂ ಬ್ಯಾಂಕುಗಳು ಆ ಪತ್ರ ನೋಡಿಯೇ ಸಾಲ ಕೊಡಬೇಕೆಂದೂ ಹೇಳಿದೆ. ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ದಾಖಲೆಯ ತೊಡಕುಗಳು ಮಾರಾಟದ ಹೊತ್ತಿನಲ್ಲೇ ಎದುರಾಗುತ್ತವೆ. ಕೊಳ್ಳುವವರ ವಕೀಲರು ನಕ್ಷೆ ಬಿಡಿಸಿಕೊಂಡು ಕೂತಾಗ, ಅದರಲ್ಲಿಲ್ಲದ ಕೋಣೆ ಎಷ್ಟೇ ಅಂದವಾಗಿದ್ದರೂ ಬೆಲೆ ಇಳಿಸಲು ಅವರ ಕೈಗೆ ಸಿಕ್ಕ ಕಾರಣವಾಗುತ್ತದೆ.

ಇಷ್ಟಕ್ಕೆ ಒಂದು ಗಂಭೀರವಾದ ಆಕ್ಷೇಪ ಬರಬಹುದು: ಮನೆ ಇರುವುದು ಬಾಳುವುದಕ್ಕೆ; ಮುಂದೆಂದೋ ಬರುವ ಅಪರಿಚಿತರ ರುಚಿಗೆ ತಕ್ಕಂತೆ ಇಂದು ನಾವೇಕೆ ಬದುಕಬೇಕು? ನ್ಯಾಯವಾದ ಮಾತು. ಮಾರಾಟಕ್ಕೆಂದೇ ಬಿಳಿ ಗೋಡೆಯ ನಡುವೆ ಬದುಕಿ ಎಂದು ಯಾರಿಗೂ ಹೇಳಲಾರೆ. ಬಣ್ಣ, ಪರದೆ, ದೀಪ, ಕುರ್ಚಿ ಮೇಜು, ಗಿಡಗಳಲ್ಲಿ ನಮ್ಮ ರುಚಿಯನ್ನು ಧಾರಾಳವಾಗಿ ತೋರಿಸಿಕೊಳ್ಳಬಹುದು. ಅವನ್ನು ಬದಲಿಸುವುದು ನಾಲ್ಕು ದಿನದ ಕೆಲಸ. ಒಡೆಯದೆ ಬದಲಿಸಲಾಗದ ನೆಲ, ಬಚ್ಚಲು, ಕಟ್ಟೆ, ಕಿಟಕಿಗಳಲ್ಲಿ ಮಾತ್ರ ಸಂಯಮ ಬೇಕು. ಆ ಸಂಯಮದಿಂದ ಬಾಳುವವರಿಗೂ ನಷ್ಟವಿಲ್ಲ. ಸೋರದ ತಾರಸಿ, ಗಾಳಿ ಆಡುವ ಕೋಣೆ, ಬೇಸಿಗೆಯಲ್ಲೂ ನೀರಿರುವ ಸಂಪು ಮಾರುವವರೆಗೂ ಸುಖ ಕೊಡುವುದು ಮನೆಯವರಿಗೇ. ಇನ್ನೊಂದು ಆಕ್ಷೇಪವೂ ಇದೆ: ಒಳಾಂಗಣ ಮಾಡಿಸಿದ ಮನೆ ಬೇಗ ಮಾರಾಟವಾಗುತ್ತದೆ, ವೈಟ್‌ಫೀಲ್ಡ್‌ನಂಥ ಕಡೆ ಬಾಡಿಗೆಯೂ ಹೆಚ್ಚು ಬರುತ್ತದೆ. ಬಾಡಿಗೆಯ ಮಟ್ಟಿಗೆ ಇದು ನಿಜ, ಮಾರಾಟದಲ್ಲೂ ಕೆಲಸ ಹೊಸದಾಗಿರುವಾಗ ನಿಜ. ಏಳೆಂಟು ವರ್ಷ ಕಳೆದ ಮೇಲೆ ಅದೇ ಒಳಾಂಗಣವನ್ನು ಕೀಳಿಸುವ ಖರ್ಚನ್ನು ಕೊಳ್ಳುವವರು ಬೆಲೆಯಲ್ಲಿ ಕಳೆಯುತ್ತಾರೆ. ವಾಸ್ತುವಿನ ವಿಷಯದಲ್ಲಿ, ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಆಗ್ನೇಯದಲ್ಲಿರುವ ಅಡುಗೆಮನೆಯನ್ನು ಬೇರೆಡೆಗೆ ಸಾಗಿಸಿ ಈಶಾನ್ಯದಲ್ಲಿ ಶೌಚಾಲಯ ಕಟ್ಟಿಸಿದರೆ, ನಂಬುವ ಕೊಳ್ಳುಗರೆಲ್ಲ ಹೊಸ್ತಿಲಲ್ಲೇ ಹಿಂದಿರುಗುತ್ತಾರೆ. ನಮ್ಮ ಊರುಗಳಲ್ಲಿ ಅಂಥವರ ಸಂಖ್ಯೆ ಸಣ್ಣದಲ್ಲ.

ಇನ್ನು ತೆರಿಗೆಯ ಮಾತು. ಮನೆ ಮಾರಿದಾಗ ಬರುವ ಲಾಭದ ಮೇಲೆ ಬಂಡವಾಳ ಗಳಿಕೆ ತೆರಿಗೆ ಬೀಳುತ್ತದೆ. ಆ ಲೆಕ್ಕದಲ್ಲಿ ಸುಣ್ಣಬಣ್ಣ, ಚಿಲ್ಲರೆ ದುರಸ್ತಿಯ ಖರ್ಚಿಗೆ ವಿನಾಯಿತಿ ಇಲ್ಲ. ಮನೆಯನ್ನು ಶಾಶ್ವತವಾಗಿ ಉತ್ತಮಗೊಳಿಸಿದ ಖರ್ಚನ್ನು ಕಳೆಯಬಹುದು, ಆದರೆ ಅದಕ್ಕೆ ಪುರಾವೆ ಬೇಕು. ನಮ್ಮಲ್ಲಿ ಮೇಸ್ತ್ರಿಗೆ, ಪ್ಲಂಬರ್‌ಗೆ ನಗದು ಕೊಟ್ಟು ಕಳಿಸುವುದೇ ಹೆಚ್ಚು, ಹಾಗಾಗಿ ಪುರಾವೆ ಉಳಿಯುವುದಿಲ್ಲ. ಈ ವರ್ಷ ಮನೆ ನವೀಕರಣಕ್ಕೆ ಕೈಹಾಕುವವರಲ್ಲಿ ನನ್ನ ಕೋರಿಕೆ ಇಷ್ಟೇ. ಒಳಾಂಗಣ ವಿನ್ಯಾಸಕಾರರನ್ನು ಕರೆಸುವ ಮೊದಲು ನುರಿತ ಪ್ಲಂಬರ್ ಒಬ್ಬರಿಂದಲೂ ಎಲೆಕ್ಟ್ರಿಷಿಯನ್ ಒಬ್ಬರಿಂದಲೂ ಮನೆಯನ್ನು ಪೂರ್ತಿ ಪರೀಕ್ಷೆ ಮಾಡಿಸಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು ಪ್ರತಿ ಕೆಲಸಕ್ಕೂ ಬಿಲ್ ಪಡೆಯಿರಿ. ಗೋಡೆಗೆ ಪ್ಲಾಸ್ಟರ್ ಬೀಳುವ ಮುನ್ನ ಒಳಗಿನ ಪೈಪು, ತಂತಿಗಳ ಫೋಟೊ ತೆಗೆದು ಅವನ್ನೂ ಬಿಲ್ಲುಗಳನ್ನೂ ಮನೆ ಪತ್ರಗಳ ಜೊತೆಗೇ ಇಡಿ.