ಏಳು ವರ್ಷಕ್ಕೇ ಮುಗಿಯುವ ಹೊಣೆ

ಫೆರಾರಿ ಕಾರುಗಳ ಬ್ರೇಕ್ ಕೈಕೊಡಬಹುದು ಎಂಬ ಸುದ್ದಿ 2022ರಲ್ಲಿ ಬಂದಾಗ ನಕ್ಕವರೇ ಹೆಚ್ಚು. ಕೋಟಿಗಟ್ಟಲೆ ಸುರಿದು ಕೊಂಡವರ ಪಾಡು ನೋಡಿ ಎಂಬ ನಗು. ಬಡವನಿಗೆ ಇಂತಹ ನಗು ಅಗ್ಗವಾಗಿ ಸಿಗುತ್ತದೆ, ಅದನ್ನೇಕೆ ಕಿತ್ತುಕೊಳ್ಳಬೇಕು ಎನ್ನಬಹುದು. ಆದರೆ ಆ ಸುದ್ದಿಯಲ್ಲಿ ನಗುವುದಕ್ಕಿಂತ ಅಸೂಯೆಪಡಬೇಕಾದ ವಿಷಯವೇ ಹೆಚ್ಚಿತ್ತು. ಕಾರಿನ ಬಗ್ಗೆಯಲ್ಲ, ಆ ಕಾರನ್ನು ವಾಪಸು ಕರೆಸಿದ ಕಾನೂನಿನ ಬಗ್ಗೆ.

ನಡೆದದ್ದು ಇಷ್ಟು. 2021ರ ಕೊನೆಯಲ್ಲಿ ಇಟಲಿಯ ಈ ಕಂಪೆನಿ ಅಮೆರಿಕದಲ್ಲಿ ತನ್ನ 458 ಮತ್ತು 488 ಮಾದರಿಯ ಕಾರುಗಳನ್ನು ದುರಸ್ತಿಗೆ ಕರೆಸಿತು. ಮರುವರ್ಷ ಆ ಪಟ್ಟಿ ಬೆಳೆದು 23,555 ಕಾರುಗಳಿಗೆ ಮುಟ್ಟಿತು. 2005ರಿಂದೀಚೆಗೆ ಅಲ್ಲಿ ಮಾರಾಟವಾದ ಹೆಚ್ಚುಕಡಿಮೆ ಎಲ್ಲ ಮಾದರಿಗಳೂ ಅದರಲ್ಲಿದ್ದವು. ಹತ್ತು ಲಕ್ಷ ಯೂರೋಗೂ ಮೀರಿದ ಬೆಲೆಯ ಲಾಫೆರಾರಿಯೂ ತಪ್ಪಿಸಿಕೊಳ್ಳಲಿಲ್ಲ. ಚೀನಾದಲ್ಲಿ ಇದೇ ಕಾರಣಕ್ಕೆ 2,222 ಕಾರುಗಳು ಹಿಂದಕ್ಕೆ ಬಂದವು.

ದೋಷ ಇದ್ದದ್ದು ಇಂಜಿನ್ನಿನಲ್ಲಲ್ಲ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಲ್ಲಿ! ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಸಲೀಸಾಗಿ ಬರುವುದಿಲ್ಲ, ಗಾಳಿ ಒಳಹೋಗಲು ಇನ್ನೊಂದು ತೂತು ಬೇಕು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಬ್ರೇಕ್ ಆಯಿಲ್ ಡಬ್ಬಿಗೂ ಅದೇ ನ್ಯಾಯ. ಒಳಗಿನ ಮಟ್ಟ ಇಳಿದಂತೆ ಮುಚ್ಚಳದ ಮೂಲಕ ಗಾಳಿ ಒಳಬರಬೇಕು. ಈ ಮುಚ್ಚಳ ಸರಿಯಾಗಿ ಗಾಳಿ ಬಿಡದೆ ಡಬ್ಬಿಯೊಳಗೆ ನಿರ್ವಾತ ಉಂಟಾಗಿ, ಬ್ರೇಕ್ ಆಯಿಲ್ ಸೋರುವ ಅಪಾಯವಿತ್ತು. ಸೋರಿದರೆ ಬ್ರೇಕ್ ಅರ್ಧ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಪರಿಹಾರವೂ ಮುಚ್ಚಳದಷ್ಟೇ ಸಣ್ಣದು: ಹೊಸ ಮುಚ್ಚಳ, ಜೊತೆಗೆ ಆಯಿಲ್ ಕಡಿಮೆಯಾದಾಗ ನಿಧಾನವಾಗಿ ಬದಿಗೆ ನಿಲ್ಲಿಸಿ ಎಂದು ಚಾಲಕನಿಗೆ ಸ್ಪಷ್ಟವಾಗಿ ಹೇಳುವ ಸಾಫ್ಟ್‌ವೇರ್ ತಿದ್ದುಪಡಿ.

ಇದು ಶ್ರೀಮಂತರ ಸಂಕಟ, ನಮಗೇನು ಎನ್ನುವವರನ್ನು ಒಂದು ಮಾತು ಕೇಳಬೇಕು. ಬ್ರೇಕ್ ಹಿಡಿಯದ ಕಾರಿನ ಮುಂದೆ ಇರುವವರು ಯಾರು? ಒಳಗಿರುವವನಿಗೆ ಬೆಲ್ಟಿದೆ, ಏರ್‌ಬ್ಯಾಗಿದೆ. ರಸ್ತೆ ದಾಟುವವನಿಗೆ, ಸೈಕಲ್ಲಿನಲ್ಲಿ ಹೋಗುವವನಿಗೆ ಏನಿದೆ? ಬ್ರೇಕ್ ಎಂಬುದು ವಾಹನದ ಮಾಲೀಕ ಹಣ ಕೊಟ್ಟು ಕೊಳ್ಳುವ, ಆದರೆ ಇತರರ ಪ್ರಾಣ ಕಾಯುವ ಭಾಗ.

ಅಮೆರಿಕದ ಕಂಪೆನಿಗಳಿಗೆ ಈ ಬುದ್ಧಿ ತಾನಾಗಿಯೇ ಬಂದದ್ದಲ್ಲ. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರು ಕಂಪೆನಿಗಳ ನಿರ್ಲಕ್ಷ್ಯದ ವಿರುದ್ಧ ಪುಸ್ತಕ ಬರೆದಾಗ, ಜನರಲ್ ಮೋಟಾರ್ಸ್ ಉತ್ತರ ಕೊಡುವ ಬದಲು ಆತನ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಗುಟ್ಟು ರಟ್ಟಾಗಿ 1966ರಲ್ಲಿ ಕಂಪೆನಿಯ ಅಧ್ಯಕ್ಷರೇ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. ಇಂದು ಅಲ್ಲಿ ಸುರಕ್ಷತಾ ದೋಷವಿರುವ ವಾಹನವನ್ನು ಮೊದಲ ಮಾರಾಟದಿಂದ 15 ವರ್ಷಗಳವರೆಗೆ ಉಚಿತವಾಗಿ ಸರಿಪಡಿಸಿಕೊಡುವುದು ಕಂಪೆನಿಯ ಹೊಣೆ.

ಇನ್ನು ನಮ್ಮ ಕಥೆ. 2012ರಿಂದ ಕಂಪೆನಿಗಳೇ ರಚಿಸಿಕೊಂಡ ಸ್ವಯಂಪ್ರೇರಿತ ಸಂಹಿತೆಯೊಂದಿತ್ತು. ಮನಸ್ಸಿದ್ದರೆ ಕರೆಸಬಹುದು, ಇಲ್ಲದಿದ್ದರೆ ಕೇಳುವವರಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಸಿಕ್ಕಿತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಾದವು. 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಉಂಟು. ಸ್ವಾಗತಿಸೋಣ. ಆದರೆ ಇದೇ ನಿಯಮಗಳಲ್ಲಿ ಒಂದು ಮಾತು ಅಡಗಿದೆ: ಇದೆಲ್ಲ 7 ವರ್ಷ ತುಂಬದ ವಾಹನಗಳಿಗೆ ಮಾತ್ರ.

ಏಕೆ ಏಳು? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಕರ್ನಾಟಕದಲ್ಲಿ ಕಾರು ಕೊಳ್ಳುವಾಗಲೇ ಜೀವಿತಾವಧಿ ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಬೇಕು. ತೆರಿಗೆಗೆ ಜೀವಿತಾವಧಿ, ರಕ್ಷಣೆಗೆ ಅದರ ಅರ್ಧವೂ ಇಲ್ಲ! ಫೆರಾರಿಯ ಲೆಕ್ಕವನ್ನೇ ನಮ್ಮ ನಿಯಮಕ್ಕೆ ಹಿಡಿದು ನೋಡಿ. 2022ರಿಂದ ಏಳು ವರ್ಷ ಹಿಂದೆ ಸರಿದರೆ 2015. ಅಂದರೆ 430 ಮಾದರಿಯ ಕಾರುಗಳು ಪೂರ್ತಿಯಾಗಿ, 458ರಲ್ಲಿ ಬಹುಪಾಲು ಪಟ್ಟಿಯಿಂದ ಹೊರಗೆ. ಅದೇ ಮುಚ್ಚಳ, ಅದೇ ಅಪಾಯ. ವಯಸ್ಸು ಮಾತ್ರ ಹೆಚ್ಚಾಯಿತು.

ಹಳೆಯದಾದ ಮೇಲೆ ಸವೆಯುವುದು ಸಹಜ, ಅದಕ್ಕೂ ತಯಾರಕನನ್ನು ಹೊಣೆ ಮಾಡುವುದೇ ಎಂದು ಕಂಪೆನಿಗಳ ಪರ ವಾದಿಸುವವರು ಕೇಳುತ್ತಾರೆ. ಒಪ್ಪೋಣ, ಸವೆದ ಬ್ರೇಕ್ ಪ್ಯಾಡ್ ಮಾಲೀಕನ ಖರ್ಚು. ಅದನ್ನು ಯಾವ ಕಾನೂನೂ ಕಂಪೆನಿಯ ತಲೆಗೆ ಕಟ್ಟಿಲ್ಲ. ಆದರೆ ಗಾಳಿ ಬಿಡದ ಮುಚ್ಚಳ ಸವೆತವಲ್ಲ, ಹುಟ್ಟುದೋಷ. ಕಾರ್ಖಾನೆಯಿಂದ ಹೊರಟ ದಿನವೇ ಅದು ಜೊತೆಗಿತ್ತು. ಇಂತಹ ದೋಷಗಳ ಸ್ವಭಾವವೇ ತಡವಾಗಿ ಗೊತ್ತಾಗುವುದು. ಫೆರಾರಿಯಂತಹ ಕಂಪೆನಿಗೇ ಇದನ್ನು ಒಪ್ಪಿ ಹೇಳಲು ಇಷ್ಟು ವರ್ಷ ಹಿಡಿಯಿತು. ಏಳು ವರ್ಷದ ಗಡಿ ಹಾಕಿದರೆ, ಅಷ್ಟು ದಿನ ಬಾಯಿ ಮುಚ್ಚಿಕೊಂಡಿರುವ ಕಂಪೆನಿಗೆ ಬಹುಮಾನ ಕೊಟ್ಟಂತಲ್ಲವೇ?

ಏಳೆಂಟು ವರ್ಷ ಕಳೆದ ವಾಹನ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ನೋಡಬೇಕು. ಮೊದಲ ಮಾಲೀಕ ಅದನ್ನು ಮಾರಿ ಹೊಸತು ಕೊಂಡಿರುತ್ತಾನೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕೊಂಡವನು ಅದರಲ್ಲೇ ಬಾಡಿಗೆ ಓಡಿಸುತ್ತಾನೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ, ಆಸ್ಪತ್ರೆಗೆ ಹೋಗುತ್ತಾನೆ. ಶೋರೂಮಿನ ಮೆಟ್ಟಿಲು ಹತ್ತದ ಈತನಿಗೆ ಗ್ಯಾರೇಜಿನ ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ. ಬ್ರೇಕ್ ಫೇಲಾಗಿ ಯಾರಿಗಾದರೂ ಗುದ್ದಿದರೆ ಮೊದಲು ಕೇಸು ಬೀಳುವುದು ಈತನ ಮೇಲೆ. ಮುಚ್ಚಳ ಮಾಡಿದವನ ಮೇಲಲ್ಲ.

ಕಾಯ್ದೆಯ 110ಎ ಕಲಂ ವಾಹನದೊಳಗಿನವರ ಜೊತೆಗೆ ರಸ್ತೆಯ ಇತರ ಬಳಕೆದಾರರಿಗೆ ಆಗುವ ಹಾನಿಯನ್ನೂ ಹೆಸರಿಸಿದೆ. ಅದನ್ನು ಬರೆದವರಿಗೆ ಪಾದಚಾರಿಯ ನೆನಪಿತ್ತು. ಆ ಪಾದಚಾರಿ ಎದುರಿನಿಂದ ಬರುವ ಕಾರು ಎಷ್ಟನೇ ಇಸವಿಯದೆಂದು ನೋಡಿಕೊಂಡು ರಸ್ತೆ ದಾಟಬೇಕೆಂದು ನಿಯಮ ಬರೆದವರು ಭಾವಿಸಿದರೋ ಏನೋ.

ಗಡಿಯನ್ನು ನೋಂದಣಿಯ ಅವಧಿಗೆ, ಅಂದರೆ 15 ವರ್ಷಕ್ಕೆ ಏರಿಸಲು ಹೊಸ ಕಾಯ್ದೆಯೂ ಬೇಡ, ನಿಯಮದ ತಿದ್ದುಪಡಿ ಸಾಕು. ದೋಷದ ಸುದ್ದಿ ಈಗಿನ ಮಾಲೀಕನ ಮನೆಗೇ ಕಾಗದವಾಗಿ ಮುಟ್ಟಬೇಕು. ಅಮೆರಿಕದಲ್ಲಿ ನೋಂದಾಯಿತ ಮಾಲೀಕರಿಗೆ ಕಂಪೆನಿ ಅಂಚೆಯಲ್ಲಿ ತಿಳಿಸಲೇಬೇಕು. ವಿಳಾಸ ಎಲ್ಲಿಂದ ತರುವುದು ಎಂದು ನಮ್ಮಲ್ಲಿ ಯಾರಾದರೂ ಕೇಳಿದರೆ, ಹೆಲ್ಮೆಟ್ ಹಾಕದವನ ಮನೆಗೆ ದಂಡದ ನೋಟೀಸು ಹೇಗೆ ತಪ್ಪದೆ ಮುಟ್ಟುತ್ತದೆ ಎಂದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಲಿ.