ಮುದ್ದೆ ನುಂಗಕ್ಕ ಹಲ್ಲ್ಯಾಕ ಅನ್ನಬ್ಯಾಡಿ

ಹೋದ ತಿಂಗ್ಳು ಗುಂಡ್ಲುಪೇಟೇಲಿ ನಮ್ಮ ಚಿಕ್ಕವ್ವನ ಮೊಮ್ಮಗೂಗ ನಾಮಕರಣ ಇತ್ತಲ್ಲ, ನಿಮ್ಮಲ್ಲಿ ಸುಮಾರು ಜನ ಬಂದಿದ್ರಿ. ಊಟದ ಪಂಕ್ತೀಲಿ ನನ್ನ ಎದುರ್ಗ ಐದಾರು ಜನ ವಯಸ್ಸಾದವರು ಕುಂತಿದ್ರು. ಎಲೆಗ ಕೋಸಂಬರಿ ಬಿತ್ತು, ಹಪ್ಳ ಬಿತ್ತು, ವಡೆ ಬಿತ್ತು. ಅವರು ಹಪ್ಳವ ಸಾರಲ್ಲಿ ನೆನ್ಸುದ್ರು, ಕೋಸಂಬರಿಯ ಎಲೆ ಅಂಚ್ಗ ತಳ್ಳುದ್ರು, ವಡೆಯ ಸೆರಗಿನ ತುದೀಲಿ ಕಟ್ಕಂಡ್ರು. ಕೇಳುದ್ರ "ಮಕ್ಕಳ್ಗ ಕನವ್ವ" ಅಂದ್ರು. ಅವರಲ್ಲಿ ಒಬ್ಬರ ಮನಲಿ ಮಕ್ಕಳೇ ಇಲ್ಲ, ಮೊಮ್ಮಕ್ಕಳೆಲ್ಲ ಬೆಂಗ್ಳೂರಲ್ಲವ. ಅದು ನನ್ಗೂ ಗೊತ್ತು, ಅವರ್ಗೂ ಗೊತ್ತು.

ನಮ್ಮ ಸೀಮೇಲಿ ಮುದ್ದೆ ಅನ್ನೋದು ದೊಡ್ಡ ಆಸರೆ. ಅದ್ಕ ಹಲ್ಲು ಬೇಕಿಲ್ಲ. ಬೆಳ್ಳಲ್ಲಿ ಮುರ್ದು ಉಪ್ಸಾರ್ಗ ಅದ್ದಿ ನುಂಗುದ್ರ ಆಯ್ತು. ಯಾರಾರ ಮುದ್ದೆಯ ಅಗೀತಾ ಕುಂತ್ರ ನಾವೇ ನಗ್ತೀವಿ. ರೊಟ್ಟಿ ಚಪಾತಿ ತಿನ್ನೋ ಕಡೆ ಆದ್ರ ಅಜ್ಜಿ ಬಾಯಲ್ಲಿ ಹಲ್ಲಿಲ್ಲ ಅನ್ನೋದು ನಾಲ್ಕು ದಿನಕ್ಕ ಮನೆಯವರ್ಗ ಗೊತ್ತಾಗ್ಬುಡ್ತದ. ನಮ್ಮಲ್ಲಿ ಹತ್ತು ವರ್ಷ ಆದ್ರೂ ಯಾರ್ಗೂ ಗೊತ್ತಾಗಲ್ಲ. ಎರಡು ಹೊತ್ತು ಮುದ್ದೆ ಉಂಡ್ರ ಮುಗೀತು, ಚೆನ್ನಾಗವ್ಳ ಅಂತ ಅಂದ್ಕತ್ತೀವಿ. ಕಾಳು ತಿಂದ್ಲಾ, ಸೊಪ್ಪು ತಿಂದ್ಲಾ, ಹಣ್ಣು ತಿಂದ್ಲಾ, ಯಾರೂ ನೋಡಲ್ಲ. ಹುರುಳಿಕಾಳು ಬಸ್ಸಾರು ಮಾಡಿದ ದಿನ ಸಾರು ಮಾತ್ರ ಅವರ್ದು, ಕಾಳಿನ ಪಲ್ಯ ನಮ್ದು.

ನಮ್ಮತ್ತಮ್ಮನ ವಿಚಾರ ಹೇಳ್ಬುಡ್ತೀನಿ. ಇಷ್ಟು ದಿನ ಯಾರ್ಗೂ ಹೇಳಿಲ್ಲ. ಚಾಮರಾಜನಗರದ ನಮ್ಮನಲೇ ಕೊನೆ ತನಕ ಇದ್ರು. ಎಲಡಕ ಅಂದ್ರ ಪ್ರಾಣ, ಜತಗ ಚೂರು ಹೊಗಸೊಪ್ಪು. ಐವತ್ತೈದಕ್ಕೇ ಹಲ್ಲು ಅಲ್ಲಾಡಕ್ಕ ಶುರುವಾಗಿ ಒಂದೊಂದೇ ಬಿದ್ದೋದೊ. ಆಮ್ಯಾಲ ಎಲಡಕವ ಕುಟ್ಟಾಣೀಲಿ ಕುಟ್ಕಂಡು ಹಾಕತ್ತಿದ್ರು. ರಾತ್ರಿ ಎಲ್ಲಾ ಮಲಗಿದ ಮ್ಯಾಲೂ ಅವರ ರೂಮಿಂದ ಟಕ್ ಟಕ್ ಅಂತ ಕೇಳೋದು. "ಈ ಹೊತ್ತಲ್ಲೂ ಎಲಡಕವಾ?" ಅಂತ ನಾನು ಬಯ್ದದ್ದೂ ಉಂಟು. ಒಂದು ದಿನ ಬೆಳಿಗ್ಗೆ ಆ ಕುಟ್ಟಾಣಿಯ ತೊಳೆಯಕ್ಕ ತಕಂಡ್ರ ಒಳಗ ಚಕ್ಕುಲಿ ಪುಡಿ, ಹುರಿಗಾಳಿನ ಸಿಪ್ಪೆ! ಗೌರಿ ಹಬ್ಬಕ್ಕ ನಾನೇ ಮಾಡಿದ್ದ ಚಕ್ಕುಲಿ. ನಮ್ಮುಂದ ಬ್ಯಾಡ ಅಂದು, ರಾತ್ರಿ ಕುಟ್ಕಂಡು ತಿಂತಿದ್ರು.

ಅವತ್ತು ನಾನು ಏನು ಮಾಡ್ದೆ ಗೊತ್ತಾ? ನಕ್ಕುಬುಟ್ಟೆ. ಮನೆಯವರ್ಗೂ ಮಕ್ಕಳ್ಗೂ ಹೇಳಿ ನಗ್ಸಿದೆ. ಅತ್ತಮ್ಮನೂ ನಕ್ರು. ಸೆರಗ ಬಾಯ್ಗ ಅಡ್ಡ ಹಿಡ್ಕಂಡು ನಕ್ರು.

ಅದೇ ವರ್ಷ ನನ್ನ ಮಗ ಬೈಕು ತಕಂಡ, ಮನಗ ಬಣ್ಣ ಹೊಡಿಸ್ದೊ. ಹಲ್ಲು ಕಟ್ಸೋ ಮಾತು ಒಂದು ಸಲ ಬಂತು. "ಊರು ಹೋಗು ಅಂತದ, ಕಾಡು ಬಾ ಅಂತದ, ನನ್ಗ್ಯಾಕ ಮಗ ಅಲ್ಲು" ಅಂತ ಅವರೇ ಅಂದ್ರು. ನಾವೂ ಸರಿ ಅಂತ ಸುಮ್ಮನಾದೊ. ಬ್ಯಾಡ ಅಂದವರ ಮಾತ್ಗ ಇಷ್ಟು ಬ್ಯಾಗ ಒಪ್ಕಳೋದು ದುಡ್ಡಿನ ವಿಚಾರಕ್ಕ ಮಾತ್ರ, ಬ್ಯಾರೆ ಯಾವುದ್ಕ ನಾವು ಅತ್ತೇರ ಮಾತ ಕೇಳಿದ್ದೀವಿ ಹೇಳಿ? ಅದಾದ ಮ್ಯಾಲೂ ಒಂಬತ್ತು ವರ್ಷ ಬದುಕಿದ್ರು. ಒಂಬತ್ತು ವರ್ಷ ಅಂದ್ರ ದಿನಕ್ಕ ಎರಡು ಊಟದಂಗ ಎಷ್ಟಾಯ್ತು ನೀವೇ ಲೆಕ್ಕ ಹಾಕಳಿ.

ವಯಸ್ಸಾದ್ರ ಹಲ್ಲು ಬೀಳ್ತದ, ಅದು ಸಹಜ ಅಂತೀವಲ್ಲ, ಅದು ತಪ್ಪು ಕನ್ರವ್ವ. ವಯಸ್ಸಿಗ ಕೂದಲು ನೆರೀತದ. ಹಲ್ಲು ಬೀಳೋದು ಹುಳುಕಿಂದ, ಇಲ್ಲ ವಸಡಿನ ಕಾಯಿಲೆಯಿಂದ. ಹಲ್ಲಿನ ಬುಡಕ್ಕ ಗಾರೆ ಕಟ್ಟಿ, ವಸಡು ಬಾತು, ಉಜ್ಜುವಾಗ ರಕ್ತ ಬಂದು, ಒಳಗ ಮೂಳೆ ಕರಗಿ, ಆಮ್ಯಾಲ ಹಲ್ಲು ಸಡ್ಲ ಆಗೋದು. ಇದ್ಕ ವರ್ಷಗಟ್ಟಲೆ ಬೇಕು, ಅಷ್ಟು ಕಾಲ ನಾವು ನೋಡ್ಕಂಡು ಕುಂತಿರ್ತೀವಿ. ಶುಗರ್ ಇದ್ದವರ್ಗ ಇದು ಇನ್ನೂ ಜಾಸ್ತಿ. ವಸಡಲ್ಲಿ ಕೀವಿದ್ರ ಶುಗರ್ರೂ ಹತೋಟಿಗ ಬರಾಕಿಲ್ಲ, ಎರಡೂ ಒಂದನ್ನೊಂದು ಎಳೀತವ. ಅತ್ತಮ್ಮಂಗ ಶುಗರ್ ಇತ್ತು. ಮಾತ್ರೆ ಬದಲಾಯಿಸ್ದೊ, ಅನ್ನ ನಿಲ್ಸುದೊ. ಬಾಯಿ ತೆಗೀರಿ ನೋಡಮ ಅಂತ ಮನಲಿ ಒಬ್ಬರೂ ಅನ್ನಲಿಲ್ಲ.

ಗಾರೆ ತೆಗಿಸುದ್ರ ಹಲ್ಲು ಅಲ್ಲಾಡ್ತವ ಅಂತ ನಾನೂ ನಂಬಿದ್ದೆ. ನಮ್ಮ ಬೀದೀಲಿ ಎಲ್ಲರೂ ಅನ್ನೋದು ಅದೇ. ಡಾಕ್ಟರಮ್ಮ ಹೇಳಿದ್ದು ಬ್ಯಾರೆ: ಗಾರೆ ಕಟ್ಟಿದ ಹೊತ್ಗೇ ಹಲ್ಲಿನ ಸುತ್ತ ಇರೋ ಮೂಳೆ ಕರಗಿರ್ತದ, ಗಾರೆ ಮೆತ್ಕಂಡಿರೋದ್ರಿಂದ ನಿಮ್ಗ ಗೊತ್ತಾಗಿರಲ್ಲ, ತೆಗೆದ್ರ ಸಂದಿ ಕಾಣ್ತದ ಅಷ್ಟೇ. ಮ್ಯಾಲಿನ ಹಲ್ಲು ಕಿತ್ರ ಕಣ್ಣೋಯ್ತದ ಅನ್ನೋದೂ ಸುಳ್ಳು. ನಾವೆಲ್ಲ ಚಿಕ್ಕಂದಲ್ಲಿ ಬೇವಿನ ಕಡ್ಡಿ, ಇದ್ಲು, ಇಲ್ಲಾಂದ್ರ ನಂಜನಗೂಡು ಹಲ್ಲುಪುಡೀಲಿ ಉಜ್ಜಿದವರು. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಸಾಲೆಯ ಪುಡಿ ಅದು, ಅದ್ರ ರುಚಿ ಈಗ್ಲೂ ನಾಲಗೆ ಮ್ಯಾಲದ. ನಾನು ಪುಡಿಯ ದೂರಲ್ಲ. ನಾವು ಮುಂದಿನ ಆರು ಹಲ್ಲ ತಿಕ್ಕಿ, ಹಿಂದಿನ ದವಡೆಗ ಬೆರಳೇ ಹಾಕ್ತಿರಲಿಲ್ಲ, ತಪ್ಪು ಅಲ್ಲದ. ರಾತ್ರಿ ಉಜ್ಜೋದಂತೂ ಗೊತ್ತೇ ಇರಲಿಲ್ಲ.

ಎಲಡಕ ಹಾಕೋರ್ಗ ಒಂದು ಮಾತು, ಬಯ್ಯಬ್ಯಾಡಿ. ಹೊಗಸೊಪ್ಪಿಲ್ದೆ ಬರೀ ಅಡಕೆಯೂ ಬಾಯಿ ಕ್ಯಾನ್ಸರ್ ತರ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲೇ ಹೇಳವ್ರ. ಬಾಯಲ್ಲಿ ಹುಣ್ಣಾಗಿ ಎರಡು ವಾರಕ್ಕೂ ವಾಸಿಯಾಗ್ದೆ ಇದ್ರ, ಬಿಳಿ ಮಚ್ಚೆ ಇದ್ರ, ಬಾಯಿ ಪೂರ್ತಿ ತೆಗೆಯಕ್ಕ ಆಗ್ದೆ ಇದ್ರ, ಜೇನುತುಪ್ಪ ಹಚ್ಕಂಡು ಕೂರಬ್ಯಾಡಿ, ತೋರಿಸ್ಬುಡಿ.

ಅತ್ತಮ್ಮ ಹೋದ ಮ್ಯಾಲ ತೆರಕಣಾಂಬಿ ಹತ್ರ ಇರೋ ನಮ್ಮವ್ವನ ಬಾಯ ನೋಡ್ದೆ. ಎಂಟು ಹಲ್ಲು ಉಳಿದಿದ್ದೊ, ಎಲ್ಲಾ ಅಲ್ಲಾಡ್ತಿದ್ದೊ. ಮೊದ್ಲು ತಮ್ಮ ಅರ್ಜೆಂಟಲ್ಲಿ ಒಂದು ಕಡೆ ಕರ್ಕೊಂಡೋಗಿ, ಎಲ್ಲಾ ಕೀಳ್ಸಿ, ಗಾಯ ಮಾಗೋ ಮುಂಚೆಯೇ ಸೆಟ್ಟು ಹಾಕ್ಸಿಬುಟ್ಟಿದ್ದ. ಹದಿನೈದು ದಿನಕ್ಕ ಅದು ಚುಚ್ಚಿ ಚುಚ್ಚಿ ಹುಣ್ಣಾಗಿ, ಸ್ಟೀಲು ಡಬ್ಬ ಸೇರ್ತು. ಊರಲ್ಲಿ ಎಷ್ಟು ಮನೆ ಬೀರೂಲಿ ಇಂಥಾ ಡಬ್ಬ ಅವ, ತೆಗೆದು ನೋಡಿ. "ದುಡ್ಡು ದಂಡ ಆಯ್ತಲ್ಲ ಕೂಸೇ" ಅಂತ ಅವ್ವ ಅತ್ತದ್ದು ನೋವ್ಗಲ್ಲ, ದುಡ್ಡಿಗ.

ಆಮ್ಯಾಲ ಮೈಸೂರು. ಜೆಎಸ್‌ಎಸ್‌ನವರ್ದು, ಫಾರೂಕಿಯಾದವರ್ದು ಅಂತ ಅಲ್ಲಿ ಹಲ್ಲಿನ ಕಾಲೇಜುಗಳು ಅವ. ಅಂಥದ್ರಲ್ಲಿ ಕಲಿಯೋ ಮಕ್ಕಳು ಮಾಡ್ತಾರ, ಅವರ ಮೇಷ್ಟ್ರು ನೋಡ್ತಾರ. ಹೊತ್ತು ಜಾಸ್ತಿ, ದುಡ್ಡು ಕಮ್ಮಿ. ಐದು ಸಲ ಹೋಗ್ಬೇಕಾಯ್ತು: ಅಚ್ಚು ತೆಗೀತಾರ, ಇನ್ನೊಂದು ಸಲ ಸರಿಯಾಗಿ ತೆಗೀತಾರ, ಕಚ್ಚಿ ನೋಡಿ ಅಂತಾರ, ಮೇಣದ ಮ್ಯಾಲ ಹಲ್ಲು ಕೂರ್ಸಿ ಕನ್ನಡಿ ಕೊಡ್ತಾರ, ಆಮ್ಯಾಲ ಸೆಟ್ಟು. ಮುಗೀತು ಅನ್ನಬ್ಯಾಡಿ. ಚುಚ್ಚೋ ಕಡೆ ಉಜ್ಜಿಸ್ಕಳಕ್ಕ ಮತ್ತೆರಡು ಸಲ. ಆ ಎರಡು ಸಲ ಹೋಗ್ದೆ ಇರೋದ್ಕೇ ಸುಮಾರು ಸೆಟ್ಟು ಡಬ್ಬ ಸೇರೋದು. ಬಸ್ಸಿನ ಚಿಂತೆ ಇಲ್ಲ, 2023ರ ಜೂನಿಂದ ಸರ್ಕಾರಿ ಬಸ್ಸು ಹೆಂಗಸ್ರಿಗ ಪುಕ್ಕಟೆ. ಶಕ್ತಿ ಯೋಜನೇಲಿ ದೇವಸ್ಥಾನಕ್ಕೇ ಹೋಗ್ಬೇಕು ಅಂತ ಏನಾರ ಅದಾ?

ಸಿದ್ದರಾಮಯ್ಯನೋರು ಮೊದಲನೆ ಸಲ ಮುಖ್ಯಮಂತ್ರಿ ಆಗಿದ್ದಾಗ ದಂತ ಭಾಗ್ಯ ಅಂತ ತಂದಿದ್ರು, ಬಿಪಿಎಲ್ ಕಾರ್ಡಿನ ವಯಸ್ಸಾದವರ್ಗ ಪುಕ್ಕಟೆ ಹಲ್ಲಿನ ಸೆಟ್ಟು. ಅನ್ನಭಾಗ್ಯ ಗೊತ್ತಿರೋ ನಮ್ಮ ಓಣೀಲಿ ಇದು ಒಬ್ಬರ್ಗೂ ಗೊತ್ತಿರಲಿಲ್ಲ. ಕಾರ್ಡು, ಆಧಾರು ತಕಂಡು ತಾಲ್ಲೂಕು ಆಸ್ಪತ್ರೇಲಿ ಕೇಳಿ. ರಕ್ತ ತೆಳು ಮಾಡೋ ಮಾತ್ರೆ, ಬಿಪಿ ಮಾತ್ರೆ ನುಂಗ್ತಿದ್ರ ಆ ಚೀಟಿಯೂ ತಕಂಡೋಗಿ, ಹಲ್ಲು ಕೀಳೋ ಮುಂಚೆ ಅವರ್ಗ ಗೊತ್ತಾಗ್ಲೇಬೇಕು.

ಸೆಟ್ಟು ಬಂದ ಮ್ಯಾಲ ಅವ್ವ ಒಂದು ತಿಂಗ್ಳು ನನ್ಗ ಶಾಪ ಹಾಕುದ್ಲು. ಬಾಯಲ್ಲಿ ಕಲ್ಲಿಟ್ಟಂಗ ಅದ ಅಂದ್ಲು, ಮಾತು ತೊದ್ಲುತು. ಮೆತ್ತನೆ ಅನ್ನ, ಬಾಳೆಹಣ್ಣು, ಆಮ್ಯಾಲ ಬೆಂದ ಅವರೆಕಾಳು, ಎರಡು ಕಡೇಲೂ ಒಂದೇ ಸಮ ಅಗಿಯೋದ ಕಲಿಸ್ದೆ, ಕೂಸ್ಗ ಕಲಿಸ್ದಂಗ. ರಾತ್ರಿ ತೆಗೆದು ತಣ್ಣೀರಲ್ಲಿ ಹಾಕ್ತಾಳ. ಬಿಸಿನೀರು ಹಾಕುದ್ರ ಸೊಟ್ಟ ಆಯ್ತದ. ತೊಳೆಯುವಾಗ ಕೆಳಗ ಒಂದು ಬಟ್ಟೆ ಹಾಸ್ಕತಾಳ, ಕೈ ಜಾರುದ್ರ ಒಡೀಬಾರ್ದಲ್ಲ. ಸಂಕ್ರಾಂತಿ ದಿನ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಚೂರು ಆರಿಸಿ ಪಕ್ಕಕ್ಕ ಇಡದೆ ಪೂರ್ತಿ ತಿಂದ್ಲು. ಕಬ್ಬು ಮಾತ್ರ ಬ್ಯಾಡ ಅಂದೆ, ಸಿಟ್ಟು ಮಾಡ್ಕಂಡ್ಲು.

ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಹೇಳ್ಕಂಡು ನಗ್ತೀವಿ. ಕಡ್ಲೆ ಇದ್ದವರ್ಗ ಹಲ್ಲು ಕಟ್ಸಕ್ಕ ಏನು ದಾಡಿ ಅಂತ ಯಾರೂ ಕೇಳಲ್ಲ. ನನ್ನ ಎಡಗಡೆ ದವಡೆ ಹಲ್ಲೂ ಆರು ತಿಂಗ್ಳಿಂದ ಜುಂ ಅಂತದ, ಲವಂಗ ಇಟ್ಕಂಡು ತಳ್ತಿದ್ದೀನಿ. "ಕಿತ್ತಾಕ್ಸು, ಒಂದೇ ಸಲಕ್ಕ ಹೋಯ್ತದ" ಅಂತಾರ ಮನೆಯವರು. ಅವರ ಹಲ್ಲ್ಗ ಮಾತ್ರ ಹೋದ ವರ್ಷ ರೂಟ್ ಕೆನಾಲ್ ಮಾಡ್ಸಿ ಟೋಪಿ ಹಾಕ್ಸಿದೊ. ನಾನೂ ಅದ್ನೇ ಮಾಡಿಸ್ಕತೀನಿ ಅಂತ ಹೇಳಿದ್ದೀನಿ.

ಅವ್ವನ ಕೆಳಗಿನ ಸೆಟ್ಟು ಈಗ ಚೂರು ಸಡ್ಲ ಆಗದ. ದವಡೆ ಮೂಳೆ ಸವೀತಾ ಹೋಯ್ತದಂತ, ಒಳಗ ತುಂಬಿಸ್ಬೇಕಂತ. ಬರೋ ಸೋಮವಾರ ಬೆಳಿಗ್ಗೆ ಏಳು ಗಂಟೆ ಬಸ್ಸಿಗ ಅವ್ವನೂ ನಾನೂ ಹೊರಡ್ತೀವಿ, ಅವಳ್ದು ಸೆಟ್ಟು, ನನ್ದು ದವಡೆ. ನಾಮಕರಣದಲ್ಲಿ ವಡೆ ಕಟ್ಕಂಡ ದೊಡ್ಡವ್ವಂಗೂ ಫೋನು ಮಾಡಿದ್ದೀನಿ, ಬೇಗೂರಲ್ಲಿ ಹತ್ಕತೀನಿ ಅಂದವ್ರ. ಸೀಟು ಹಿಡೀತೀನಿ, ಇನ್ಯಾರಾರ ಬರಂಗಿದ್ರ ಭಾನುವಾರ ಸಂಜೆ ಒಳಗ ಹೇಳಿ.